ಓಬನ್‌ನಿಂದ ಹಿರ್ತಾವರೆಗೆ: ಊರಿನ ಹೆಸರುಗಳ ಬೆನ್ನು ಹತ್ತಿ ಎಂಟು ದಿನ

ಮೊದಲ ದಿನ, ಸೋಮವಾರ: ಓಬನ್

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಹೊರಟ ರೈಲು ಮೂರು ಗಂಟೆ ಚಿಲ್ಲರೆಯಲ್ಲಿ ಓಬನ್ ತಲುಪಿತು. ಹಳಿ ಅಲ್ಲಿಗೆ ಮುಗಿಯುತ್ತದೆ, ಮುಂದೆ ಕಡಲು. ನಿಲ್ದಾಣದ ಫಲಕದಲ್ಲಿ ಊರಿಗೆ ಎರಡು ಹೆಸರುಗಳಿವೆ. ಒಂದು ಇಂಗ್ಲಿಷಿನದು, ಇನ್ನೊಂದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯದು. ಆ ಎರಡನೆಯ ಹೆಸರಿಗಾಗಿಯೇ ನಾನು ಇಷ್ಟು ದೂರ ಬಂದಿದ್ದೆ.

ಎರಡು ವರ್ಷಗಳಿಂದ ರಾತ್ರಿ ಹೊತ್ತು ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ವೀಡಿಯೊಗಳನ್ನು ನೋಡುತ್ತಿದ್ದೆ. ಒಬ್ಬರೇ ಚೀಲ ಹೊತ್ತು ಹೊರಟವರ ವೀಡಿಯೊಗಳು ಅವು. ಕ್ಯಾಮೆರಾವನ್ನು ಬಂಡೆಯ ಮೇಲಿಟ್ಟು ದೂರ ನಡೆಯುತ್ತಾರೆ, ಚೌಕಟ್ಟಿನಲ್ಲಿ ಚುಕ್ಕೆಯಾಗುತ್ತಾರೆ, ಮತ್ತೆ ಅದನ್ನು ಎತ್ತಿಕೊಳ್ಳಲು ಅಷ್ಟೇ ದೂರ ಮರಳಿ ಬರುತ್ತಾರೆ. ಬಿಳಿ ಮರಳು, ಹಸಿರು ನೀರು, ಕಲ್ಲಿನ ಮನೆಗಳನ್ನೆಲ್ಲ ನನಗೆ ತೋರಿಸಿದವರು ಅವರೇ, ಆ ಋಣ ನನ್ನ ಮೇಲಿದೆ. ಆದರೆ ಊರಿನ ಹೆಸರು ಬಂದಾಗ ಅವರಲ್ಲಿ ಬಹುಪಾಲು ಜನ ತಡವರಿಸುತ್ತಿದ್ದರು, ಇಲ್ಲವೇ ಅಕ್ಷರ ಕಂಡಂತೆ ಓದಿ ಮುಂದೆ ಸಾಗುತ್ತಿದ್ದರು. ಅಲ್ಲಿ ಬಾಳುವವರು ಆ ಊರನ್ನು ಏನೆಂದು ಕರೆಯುತ್ತಾರೆ ಎಂದು ನಿಂತು ಕೇಳಿದವರು ತೀರಾ ಕಡಿಮೆ. ಹಾಗಾಗಿ ನನ್ನ ವೀಡಿಯೊಗಳಿಗೆ ಒಂದು ಕಟ್ಟುಪಾಡು ಹಾಕಿಕೊಂಡೆ. ಪ್ರತಿ ಊರಿನಲ್ಲಿ ಕ್ಯಾಮೆರಾ ಅಲುಗಾಡದ ಒಂದು ನಿಮಿಷದ ದೃಶ್ಯ, ಅದರ ಮೇಲೆ ಅಲ್ಲಿಯವರೊಬ್ಬರು ತಮ್ಮ ಊರಿನ ಹೆಸರು ಹೇಳುವ ದನಿ. ನನ್ನ ಮಾತು ಅದರಲ್ಲಿ ಇರುವುದಿಲ್ಲ.

ಇದಕ್ಕೆ ಅವಸರವೂ ಇತ್ತು. 2022ರ ಜನಗಣತಿಯಲ್ಲಿ, ಗೇಲಿಕ್‌ನ ಕೊನೆಯ ಕೋಟೆ ಎನ್ನಿಸಿಕೊಂಡ ಪಶ್ಚಿಮ ದ್ವೀಪಗಳಲ್ಲಿಯೇ ಅದನ್ನು ಮಾತನಾಡುವವರ ಪ್ರಮಾಣ ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗಿಳಿದು ಶೇಕಡ 45ರಷ್ಟಾಯಿತು.

ಮೊದಲ ದನಿ ಬಂದರಿನ ಬಳಿ ಮೀನು ಮಾರುತ್ತಿದ್ದ ಹಿರಿಯರದು. ಹುಟ್ಟಿದ್ದು ಟೈರೀ ದ್ವೀಪದಲ್ಲಿ ಎಂದರು. ಮೈಕಿಗೆ ತೊಡಿಸಿದ್ದ ತುಪ್ಪಳದ ಟೊಪ್ಪಿಗೆಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಅನ್ ತೋಪನ್." ಪುಟ್ಟ ಕೊಲ್ಲಿ ಎಂದು ಅರ್ಥ. ಇಂಗ್ಲಿಷಿನಲ್ಲಿ ಬಕಾರವಾಗಿ ಓದುವ ಅಕ್ಷರ ಅವರ ಬಾಯಲ್ಲಿ ಸ್ವಚ್ಛವಾದ ಪಕಾರ. ಕನ್ನಡದ ಕಿವಿಗೆ ಅದರಲ್ಲಿ ಮಾವಿನ ತೋಪು ಕೇಳಿಸಿತು. ಗೇಲಿಕ್‌ಗೆ ಇರುವುದು 18 ಅಕ್ಷರಗಳು ಮಾತ್ರ. ಉಳಿದ ದನಿಗಳನ್ನೆಲ್ಲ ಅವುಗಳನ್ನೇ ಜೋಡಿಸಿ ಹೊಂದಿಸಿಕೊಳ್ಳುತ್ತಾರೆ. ನೋಟ್‌ಬುಕ್ಕಿನಲ್ಲಿ ಆ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಾಗ, ನಮ್ಮ ಅಕ್ಷರಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ ಎನ್ನಿಸಿ ಸಂತೋಷವಾಯಿತು.

ಸಂಜೆ ಊರಿನ ನೆತ್ತಿಯ ಮೇಲಿರುವ ಮೆಕೇಗ್ ಗೋಪುರಕ್ಕೆ ಹತ್ತಿದೆ. ರೋಮಿನ ಕೊಲೊಸಿಯಂ ನೆನಪಿಸುವ ಈ ಕಲ್ಲಿನ ಬಳೆಯನ್ನು ಸ್ಥಳೀಯ ಬ್ಯಾಂಕರ್ ಒಬ್ಬ 1897ರಲ್ಲಿ ಕಟ್ಟಿಸತೊಡಗಿದ. ಕಲ್ಲುಕುಟಿಗರಿಗೆ ಚಳಿಗಾಲದಲ್ಲಿ ಕೆಲಸ ಸಿಗಲಿ ಎಂಬುದೂ ಅವನ ಉದ್ದೇಶವಾಗಿತ್ತು. 1902ರಲ್ಲಿ ಅವನು ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು.

ಎರಡನೆಯ ದಿನ, ಮಂಗಳವಾರ: ಹಡಗಿನಲ್ಲಿ

ಬಾರಾ ದ್ವೀಪಕ್ಕೆ ಹಡಗಿನಲ್ಲಿ ಐದು ಗಂಟೆಗೆ ಸ್ವಲ್ಪ ಕಡಿಮೆ. ಮೊದಲು ಮಲ್ ಜಲಸಂಧಿ: ಎಡಗಡೆ ಮಲ್ ದ್ವೀಪ, ಡುವಾರ್ಟ್ ಕೋಟೆ. ಬಲಗಡೆ ಮೊರ್ವರ್ನ್ ಪ್ರದೇಶದ ಗುಡ್ಡಗಳು, ಅವುಗಳ ತುಂಬ ಮರ, ಬುಡದಲ್ಲಿ ಲಾಖಾಲಿನ್ ಎಂಬ ಸಣ್ಣ ಊರು. ಆ ಊರಿನ ಮೇಲೆ ಕ್ಯಾಮೆರಾ ಸುಮಾರು ಅರ್ಧ ನಿಮಿಷ ನಿಂತಿತ್ತು. ವಿಶೇಷ ಕಾರಣವೇನೂ ಇರಲಿಲ್ಲ, ಕಾಡಿನ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು.

ಜಲಸಂಧಿ ದಾಟಿದೊಡನೆ ಹಡಗು ಓಲಾಡತೊಡಗಿತು. ಡೆಕ್ಕಿನಲ್ಲಿ ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಹಗ್ಗದ ಪೆಟ್ಟಿಗೆಗೆ ಬೆನ್ನು ಕೊಟ್ಟು ಕುಳಿತೆ. ಇಂಥ ಕಡೆ ಒಂಟಿಯಾಗಿರುವುದು ಒಳ್ಳೆಯದು. ಯಾರ ಜೊತೆಗೂ ಒಳಗೆ ಹೋಗಬೇಕಾಗಿಲ್ಲ.

ಸಂಜೆ ಕಾಸಲ್‌ಬೇ. ಕೊಲ್ಲಿಯ ನಡುವಿನ ಬಂಡೆಯ ಮೇಲೆ ನೀರಿನಿಂದಲೇ ಎದ್ದಂತೆ ಕಿಸಿಮುಲ್ ಕೋಟೆ ನಿಂತಿದೆ. ಅದು ಮೆಕ್‌ನೀಲ್ ಕುಲದ ಹಿರಿಮನೆ. 2000ನೇ ಇಸವಿಯಲ್ಲಿ ಕುಲದ ಮುಖ್ಯಸ್ಥ ಅದನ್ನು ಸರ್ಕಾರಿ ಪರಂಪರೆ ಸಂಸ್ಥೆಗೆ ಸಾವಿರ ವರ್ಷಗಳ ಗೇಣಿಗೆ ಬಿಟ್ಟುಕೊಟ್ಟ. ಗೇಣಿ ವರ್ಷಕ್ಕೆ ಒಂದು ಪೌಂಡ್ ಮತ್ತು ಒಂದು ಬಾಟಲಿ ವಿಸ್ಕಿ. ರಾತ್ರಿ ಹತ್ತು ಗಂಟೆ ದಾಟಿದರೂ ಬೆಳಕು ಆರಲಿಲ್ಲ. ತಂಗಿದ್ದ ಮನೆಯ ಒಡತಿ ಅಡುಗೆಮನೆಯ ಕಿಟಕಿಯಿಂದ ಕೋಟೆಯನ್ನು ನೋಡುತ್ತಲೇ ಊರಿನ ಹೆಸರು ಹೇಳಿದರು: "ಬಾಘ್ ಅ ಖಷ್ಟ್ಯಲ್." ಕೋಟೆಯ ಕೊಲ್ಲಿ. ಗಂಟಲಿನ ಅಂಚಿಗೆ ಉಸಿರು ಉಜ್ಜಿ ಬರುವ ಆ ಖಕಾರವನ್ನು ಮೂರು ಬಾರಿ ಹೇಳಿಸಿಕೊಂಡೆ. ಮೂರು ಬಾರಿಯೂ ಅವರಿಗೆ ಬೇಸರವಾಗಲಿಲ್ಲ.

ಮೂರನೆಯ ದಿನ, ಬುಧವಾರ: ಬಾರಾ

ದ್ವೀಪದ ಉತ್ತರ ತುದಿಯಲ್ಲಿ ಟ್ರಾಯ್ ವೋರ್ ಎಂಬ ವಿಶಾಲ ಕಡಲತೀರವಿದೆ. ಬಾರಾದ ವಿಮಾನ ನಿಲ್ದಾಣ ಅದೇ. ವೇಳಾಪಟ್ಟಿಯ ಪ್ರಕಾರ ವಿಮಾನಗಳು ಕಡಲತೀರದ ಮೇಲೆಯೇ ಇಳಿಯುವ ಜಗತ್ತಿನ ಏಕೈಕ ತಾಣ. ಮರದ ಕಂಬಗಳು ಗುರುತಿಸಿರುವ ಮೂರು ಓಡುಹಾದಿಗಳಿವೆ. ಭರತ ಬಂದಾಗ ಮೂರೂ ನೀರಿನಡಿ ಸೇರುತ್ತವೆ. ಆದ್ದರಿಂದ ಇಲ್ಲಿ ವಿಮಾನದ ವೇಳೆಯನ್ನು ನಿರ್ಧರಿಸುವವನು ಚಂದ್ರ.

ವೀಡಿಯೊಗಳಲ್ಲಿ ಈ ದೃಶ್ಯವನ್ನು ಹತ್ತು ಸಲವಾದರೂ ನೋಡಿದ್ದೆ. ಗ್ಲಾಸ್ಗೋದಿಂದ ಬಂದ ಪುಟ್ಟ ಟ್ವಿನ್ ಆಟರ್ ವಿಮಾನ ತೆಳುನೀರನ್ನು ಚಿಮ್ಮಿಸುತ್ತಾ ಇಳಿದಾಗ ಅದು ಹೊಸದೇ ಆಗಿತ್ತು. ವೀಡಿಯೊಗಳಲ್ಲಿ ಇಲ್ಲದೆ ಹೋದದ್ದು ವಿಮಾನ ನಿಂತ ಮೇಲಿನ ಮೌನ, ಅದರಲ್ಲಿ ಮರಳು ನೀರು ಹೀರುವ ಚಟಚಟ ಸದ್ದು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಕೊಳವೆ ಕೆಳಗಿಳಿದು ತೀರ ತೆರವಾದ ಮೇಲೆ, ರಬ್ಬರ್ ಬೂಟು ತೊಟ್ಟ ಮಹಿಳೆಯೊಬ್ಬರು ಬಕೆಟ್ ಹಿಡಿದು ಅದೇ ಓಡುಹಾದಿಯ ಮೇಲೆ ಚಿಪ್ಪು ಹೆಕ್ಕಲು ಬಂದರು. ನನ್ನ ಬಾರಾ ವೀಡಿಯೊದಲ್ಲಿ ವಿಮಾನ ಹತ್ತು ಸೆಕೆಂಡ್ ಇದೆ, ಉಳಿದ ಐವತ್ತು ಅವರದು.

ನಾಲ್ಕನೆಯ ದಿನ, ಗುರುವಾರ: ಎರಿಸ್ಕೇ, ಎರಡು ಉಯಿಸ್ಟ್‌ಗಳು

ಬಾರಾದಿಂದ ಎರಿಸ್ಕೇಗೆ ನಲವತ್ತು ನಿಮಿಷದ ದೋಣಿ. 1941ರ ಫೆಬ್ರವರಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ವಿಸ್ಕಿ ಬಾಟಲಿಗಳಿದ್ದ ಪೊಲಿಟಿಷಿಯನ್ ಎಂಬ ಹಡಗು ಬಂಡೆಗೆ ಬಡಿದು ನಿಂತದ್ದು ಇಲ್ಲಿಯೇ. ದ್ವೀಪದವರು ರಾತ್ರೋರಾತ್ರಿ ಸಾಗಿಸಿದ ಬಾಟಲಿಗಳ ಕಥೆಯನ್ನು ಎಲ್ಲ ಪ್ರವಾಸಿಗರೂ ಹೇಳುತ್ತಾರೆ. ಅದಕ್ಕಾಗಿ ಕೆಲವರು ಜೈಲು ಸೇರಿದ್ದನ್ನು ಹೇಳುವವರು ಕಡಿಮೆ.

2001ರಲ್ಲಿ ತೆರೆದ, ಕಡಲಿಗೆ ಅಡ್ಡಲಾಗಿ ಕಟ್ಟಿದ ರಸ್ತೆಯ ಮೇಲೆ ಬಸ್ಸು ದಕ್ಷಿಣ ಉಯಿಸ್ಟ್‌ಗೆ ದಾಟಿತು. ಗೇಲಿಕ್‌ನಲ್ಲಿ ಅದು "ಉಯಿಶ್ಟ್". ಒಂದೇ ವಾಹನ ಹಿಡಿಯುವ ರಸ್ತೆ, ನಡುನಡುವೆ ತಂಗಿ ದಾರಿ ಬಿಡುವ ಜಾಗಗಳು. ಎದುರಾದ ಪ್ರತಿಯೊಬ್ಬರಿಗೂ ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುತ್ತಿದ್ದ. 2006ರಲ್ಲಿ ಇಲ್ಲಿನ ಜನ ಒಟ್ಟಾಗಿ ತಾವು ಬಾಳುವ 93,000 ಎಕರೆ ನೆಲವನ್ನು ಜಮೀನುದಾರರಿಂದ 45 ಲಕ್ಷ ಪೌಂಡ್‌ಗೆ ಕೊಂಡುಕೊಂಡರು. ಗೇಣಿದಾರರ ಮೊಮ್ಮಕ್ಕಳು ಈಗ ತಮಗೇ ತಾವು ಗೇಣಿ ಕಟ್ಟುತ್ತಾರೆ. ಚಾಲಕ ಇದನ್ನು ಹೇಳುವಾಗ ಅವನ ಬೆನ್ನು ನೇರವಾಗಿದ್ದದ್ದು ನನಗೆ ಹಿಂದಿನ ಸೀಟಿನಿಂದ ಕಾಣುತ್ತಿತ್ತು.

ಪಶ್ಚಿಮ ಅಂಚಿನುದ್ದಕ್ಕೂ ಮಾಖೈರ್ ಹುಲ್ಲುಗಾವಲು ಹಬ್ಬಿದೆ. ಗಾಳಿ ಹೊತ್ತು ತಂದ ಚಿಪ್ಪಿನ ಪುಡಿ ಸುಣ್ಣವಾಗಿ ಆ ನೆಲವನ್ನು ಹದಮಾಡಿದೆ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಪಶ್ಚಿಮ ತೀರ ಬಿಟ್ಟರೆ ಇಂಥ ನೆಲ ಬೇರೆಲ್ಲೂ ಇಲ್ಲ. ಜೂನ್‌ನಲ್ಲಿ ಅದು ಹಳದಿ, ಬಿಳಿ, ನೇರಳೆ ಹೂಗಳಿಂದ ತುಂಬಿಹೋಗುತ್ತದೆ. ಉತ್ತರ ಉಯಿಸ್ಟ್‌ನ ಬಾಲ್‌ರಾನಲ್ಡ್‌ನಲ್ಲಿ ರಾತ್ರಿ ಡೇರೆ ಹಾಕಿದೆ.

ಹನ್ನೊಂದರ ಮೇಲೆ ಅದು ಶುರುವಾಯಿತು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಕ್ರೆಕ್ಸ್-ಕ್ರೆಕ್ಸ್, ಮತ್ತೆ ಕ್ರೆಕ್ಸ್-ಕ್ರೆಕ್ಸ್. ಕಾರ್ನ್‌ಕ್ರೇಕ್ ಹಕ್ಕಿ. ಅದರ ವೈಜ್ಞಾನಿಕ ಹೆಸರೂ ಕ್ರೆಕ್ಸ್ ಕ್ರೆಕ್ಸ್. ತನ್ನ ಹೆಸರನ್ನು ತಾನೇ ಹೇಳುವ ಹಕ್ಕಿ ನನ್ನ ಸಂಗ್ರಹಕ್ಕೆ ತಾನಾಗಿ ಬಂದಿತ್ತು. ಆಫ್ರಿಕಾದಿಂದ ಹಾರಿ ಬಂದು ಎತ್ತರದ ಹುಲ್ಲಿನಲ್ಲಿ ಗೂಡು ಕಟ್ಟುತ್ತದೆ. ಯಂತ್ರದ ಕೊಯ್ಲು ಬಂದ ಮೇಲೆ ಬ್ರಿಟನ್ನಿನ ಬಹುಭಾಗದಿಂದ ಮರೆಯಾಯಿತು. ಇಲ್ಲಿನ ರೈತರು ಹೊಲವನ್ನು ನಡುವಿನಿಂದ ಹೊರಗಿನತ್ತ ಕೊಯ್ಯುತ್ತಾರೆ, ಮರಿಗಳು ಅಂಚಿನ ಹುಲ್ಲಿಗೆ ಓಡಿ ಉಳಿಯಲಿ ಎಂದು. ಹಕ್ಕಿ ಕಣ್ಣಿಗೆ ಬೀಳಲಿಲ್ಲ. ಡೇರೆಯ ಬಾಗಿಲು ತೆರೆದು, ಕ್ಯಾಮೆರಾವನ್ನು ಮಬ್ಬು ಹುಲ್ಲಿನ ಕಡೆ ತಿರುಗಿಸಿ, ಆ ದನಿಯನ್ನು ಒಂದು ನಿಮಿಷವಲ್ಲ, ನಲವತ್ತು ನಿಮಿಷ ಹಿಡಿದೆ.

ಐದನೆಯ ದಿನ, ಶುಕ್ರವಾರ: ಲೀವರ್‌ಬರ್ಗ್

ಬರ್ನರೇಯಿಂದ ಹ್ಯಾರಿಸ್‌ಗೆ ಹೋಗುವ ದೋಣಿ ನೇರ ಹೋಗುವುದಿಲ್ಲ. ಮುಳುಗುಬಂಡೆಗಳ ನಡುವೆ ತೇಲುಗುರುತುಗಳನ್ನು ಹಿಡಿದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಸುಮಾರು ಒಂದು ಗಂಟೆ.

ಇಳಿದ ಊರಿನ ಹೆಸರು ಲೀವರ್‌ಬರ್ಗ್. ಸನ್‌ಲೈಟ್, ಲೈಫ್‌ಬಾಯ್ ಸಾಬೂನುಗಳ ಲೀವರ್ ನಮಗೆಲ್ಲ ಗೊತ್ತು. ಲಾರ್ಡ್ ಲೀವರ್‌ಹ್ಯೂಮ್ ಆದ ಆತ 1918ರಲ್ಲಿ ಪಕ್ಕದ ಲೂಯಿಸ್ ಪ್ರದೇಶವನ್ನೂ 1919ರಲ್ಲಿ ಹ್ಯಾರಿಸ್ ಅನ್ನೂ ಕೊಂಡ. ಈ ಹಳ್ಳಿಯನ್ನು ದೊಡ್ಡ ಮೀನುಗಾರಿಕೆ ಬಂದರು ಮಾಡಲು ಹೊರಟು 1920ರಲ್ಲಿ ಅದಕ್ಕೆ ತನ್ನ ಹೆಸರಿಟ್ಟ. 1925ರಲ್ಲಿ ತೀರಿಕೊಂಡ. ಬಂದರಿನ ಕನಸೂ ಅವನ ಜೊತೆ ಹೋಯಿತು, ಹೆಸರು ಮಾತ್ರ ನಕ್ಷೆಯಲ್ಲಿ ಉಳಿಯಿತು.

ಜೆಟ್ಟಿಯಲ್ಲಿ ಏಡಿಬಲೆ ರಿಪೇರಿ ಮಾಡುತ್ತಿದ್ದವರನ್ನು ಕೇಳಿದೆ. "ಅನ್ ತೋಪ್," ಎಂದರು. ಕೊಲ್ಲಿ. ಓಬನ್ ಇದರದೇ ಕಿರಿಯ ರೂಪ: ಅನ್ ತೋಪ್ ಎಂದರೆ ಕೊಲ್ಲಿ, ಅನ್ ತೋಪನ್ ಎಂದರೆ ಮರಿಗೊಲ್ಲಿ. ಐದು ದಿನ, ಹಲವು ದ್ವೀಪ ದಾಟಿ ಬಂದು ಅದೇ ಮಾತಿನ ದೊಡ್ಡ ಅಣ್ಣನನ್ನು ಕಂಡಂತಾಯಿತು. ಈ ಎರಡು ದನಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಇಪ್ಪತ್ತು ಸೆಕೆಂಡುಗಳಷ್ಟು ನನಗೆ ಪ್ರಿಯವಾದ ಭಾಗ ಇಡೀ ಪ್ರವಾಸದಲ್ಲಿ ಮತ್ತೊಂದಿಲ್ಲ.

ಆರನೆಯ ದಿನ, ಶನಿವಾರ: ದೋಣಿ ಹೊರಡಲಿಲ್ಲ

ಪಶ್ಚಿಮಕ್ಕೆ ದೂರದ ಕಡಲಿನಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗಳಿಗೆ ಇನ್ನೂರು ಪೌಂಡ್‌ಗೂ ಹೆಚ್ಚು ಕೊಟ್ಟು ಈ ದಿನಕ್ಕೆ ಜಾಗ ಕಾದಿರಿಸಿದ್ದೆ. ಬೆಳಿಗ್ಗೆಯೇ ಸಂದೇಶ ಬಂತು: ಅಲೆ ಜೋರಾಗಿದೆ, ಸೋಮವಾರ ನೋಡೋಣ. ಇಲ್ಲಿಗೆ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಬರಬೇಕು.

ಬಸ್ಸು ಹತ್ತಿ ಪೂರ್ವ ಕರಾವಳಿಯ ದಾರಿ ಹಿಡಿದೆ. ಕಟ್ಟಲು ಆದ ಖರ್ಚಿನಿಂದಾಗಿ ಅದಕ್ಕೆ ಚಿನ್ನದ ರಸ್ತೆ ಎಂದೇ ಹೆಸರು. ಹ್ಯಾರಿಸ್‌ನ ಪಶ್ಚಿಮಕ್ಕೆ ಲಸ್ಕೆಂಟೈರ್‌ನಂಥ ಬಿಳಿ ಮರಳಿನ ತೀರಗಳಿವೆ, ಕೃಷಿಗೆ ಹದವಾದ ನೆಲವಿದೆ. ಪೂರ್ವದಲ್ಲಿ ಬರೀ ಬೂದು ಕಲ್ಲು. ಹತ್ತೊಂಬತ್ತನೇ ಶತಮಾನದಲ್ಲಿ ಕುರಿ ಸಾಕಣೆಗಾಗಿ ಪಶ್ಚಿಮದ ಜನರನ್ನು ಎಬ್ಬಿಸಿದಾಗ ಅವರಿಗೆ ಸಿಕ್ಕಿದ್ದು ಈ ಕಲ್ಲು. ಬಂಡೆಗಳ ಸಂದಿಗೆ ಕಡಲಕಳೆ, ಮಣ್ಣು ಹೊತ್ತು ಹಾಕಿ ಆಲೂಗಡ್ಡೆ ಬೆಳೆದರು. ಆ ಮಡಿಗಳ ಗೆರೆಗಳು ಇಂದಿಗೂ ಎದ್ದು ಕಾಣುತ್ತವೆ. ಇಲ್ಲಿ ಹೆಣ ಹೂಳುವಷ್ಟು ಆಳದ ಮಣ್ಣೂ ಇರಲಿಲ್ಲ. ಸತ್ತವರನ್ನು ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸಿ ಪಶ್ಚಿಮದ ಮರಳಿನಲ್ಲಿ ಮಣ್ಣು ಮಾಡುತ್ತಿದ್ದರು. ಎಬ್ಬಿಸಿದ ನೆಲಕ್ಕೆ ಅವರು ಮರಳಿ ಹೋದದ್ದು ಹಾಗೆ. ಎಲ್ಲ ವೀಡಿಯೊಗಳಲ್ಲೂ ಬರುವ ಆ ಬಿಳಿ ಮರಳನ್ನು ಇನ್ನು ಮುಂದೆ ನಾನು ಬೇರೆ ರೀತಿಯಲ್ಲಿ ನೋಡಲಾರೆ.

ದಾರಿಯಲ್ಲಿ ಒಬ್ಬ ನೇಕಾರರ ಶೆಡ್ಡಿನ ಬಾಗಿಲು ತೆರೆದಿತ್ತು. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಗೆ 1993ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಉಣ್ಣೆಗೆ ಬಣ್ಣ ಹಾಕಿದ್ದೂ ನೂತದ್ದೂ ಈ ದ್ವೀಪಗಳಲ್ಲೇ ಆಗಿರಬೇಕು, ದ್ವೀಪವಾಸಿ ತನ್ನ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದಿರಬೇಕು. ಟ್ವೀಡ್ ಎಂಬ ಮಾತೇ ಟ್ವೀಲ್ ಎಂಬುದನ್ನು ಲಂಡನ್ ವ್ಯಾಪಾರಿಯೊಬ್ಬ ತಪ್ಪಾಗಿ ಓದಿದ್ದರಿಂದ ಹುಟ್ಟಿತು ಎಂಬ ಕಥೆ ಪ್ರಚಲಿತವಾಗಿದೆ. ನೇಕಾರರು ಅದನ್ನು ಕರೆಯುವುದು "ಕ್ಲೋ ಮೋರ್" ಎಂದು, ಅಂದರೆ ದೊಡ್ಡ ಬಟ್ಟೆ. ಅದನ್ನು ಹೇಳಿ ಅವರು ಮತ್ತೆ ಪೆಡಲ್ ತುಳಿಯತೊಡಗಿದರು. ಮಗ್ಗದ ಸದ್ದಿನಲ್ಲಿ ಮುಂದಿನ ಮಾತು ಮುಳುಗಿತು.

ಏಳನೆಯ ದಿನ, ಭಾನುವಾರ

ಭಾನುವಾರ ಹ್ಯಾರಿಸ್‌ನಲ್ಲಿ ಬಸ್ಸಿಲ್ಲ, ಅಂಗಡಿಯಿಲ್ಲ, ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವವರೂ ಅಪರೂಪ. ದಕ್ಷಿಣದ ಬಾರಾ, ಎರಿಸ್ಕೇ ಕ್ಯಾಥೊಲಿಕರವು. ಇಲ್ಲಿ ಭಾನುವಾರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪ್ರೆಸ್ಬಿಟೇರಿಯನ್ ಪಂಥದ ಪ್ರೊಟೆಸ್ಟಂಟರು.

ಹತ್ತಿರದ ಚರ್ಚಿನ ಗೇಲಿಕ್ ಪ್ರಾರ್ಥನೆಗೆ ಹೋದೆ. ಕ್ಯಾಮೆರಾ, ಮೈಕು ಎರಡನ್ನೂ ಕೋಣೆಯಲ್ಲೇ ಬಿಟ್ಟಿದ್ದೆ. ವಾದ್ಯಗಳಿಲ್ಲ. ಮುಂದಾಳು ಒಬ್ಬರೇ ಕೀರ್ತನೆಯ ಒಂದು ಸಾಲನ್ನು ಎತ್ತಿಕೊಡುತ್ತಾರೆ. ಸಭೆ ಅದನ್ನು ನಿಧಾನವಾಗಿ, ಒಬ್ಬೊಬ್ಬರೂ ತಮ್ಮ ತಮ್ಮ ಗಮಕದಲ್ಲಿ, ತಮ್ಮ ವೇಗದಲ್ಲಿ ಹಿಂಬಾಲಿಸುತ್ತದೆ. ದನಿಗಳು ಒಂದರ ಮೇಲೊಂದು ಏರಿ, ಒಡೆದು, ಮತ್ತೆ ಸೇರುತ್ತವೆ. ಮೂವತ್ತು ಜನರಿದ್ದರೇನೋ. ಕಲ್ಲಿನ ಗೋಡೆಗಳು ತುಂಬಿಹೋದವು. ನನ್ನ ಪಕ್ಕದ ವೃದ್ಧೆ ಕಣ್ಣು ಮುಚ್ಚಿ ಹಾಡುತ್ತಿದ್ದರು, ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಈ ಪ್ರವಾಸದಲ್ಲಿ ನಾನು ಕೇಳಿದ ಅತಿ ಶ್ರೇಷ್ಠವಾದ ದನಿ ಇದು. ಇದನ್ನು ದಾಖಲಿಸಲಿಲ್ಲ ಎಂಬ ಬಗ್ಗೆ ನನಗೆ ಕಿಂಚಿತ್ತೂ ವಿಷಾದವಿಲ್ಲ. ವೀಡಿಯೊದಲ್ಲಿ ಭಾನುವಾರದ ಜಾಗ ಖಾಲಿಯಾಗಿಯೇ ಇರುತ್ತದೆ.

ಎಂಟನೆಯ ದಿನ, ಸೋಮವಾರ: ಹಿರ್ತಾ

ಹನ್ನೆರಡು ಮಂದಿ, ಒಂದು ವೇಗದ ದೋಣಿ, ಪಶ್ಚಿಮಕ್ಕೆ ಮೂರು ಗಂಟೆ. ಹತ್ತುವ ಮೊದಲೇ ನಮ್ಮ ಚೀಲಗಳನ್ನು ಬಿಚ್ಚಿ ನೋಡಿಕೊಳ್ಳಲು ಹೇಳಿದರು. ಒಂದೇ ಒಂದು ಇಲಿ ದ್ವೀಪ ಸೇರಿದರೂ ನೆಲದಲ್ಲಿ ಗೂಡು ಮಾಡುವ ಲಕ್ಷಾಂತರ ಕಡಲಹಕ್ಕಿಗಳಿಗೆ ಕೇಡು.

ಮೊದಲು ದಿಗಂತದಲ್ಲಿ ಹಲ್ಲಿನಂತೆ ಕಂಡದ್ದು ಬೋರರೇ ಮತ್ತು ಅದರ ಕಡಲಕಂಬಗಳು. ಆಮೇಲೆ ಸೇಂಟ್ ಕಿಲ್ಡಾ ದ್ವೀಪಸಮೂಹದ ದೊಡ್ಡಣ್ಣ ಹಿರ್ತಾ, 430 ಮೀಟರ್ ಎತ್ತರದ ಕೊನಾಖರ್ ಶಿಖರದ ತಲೆಗೆ ಮೋಡ ಸುತ್ತಿಕೊಂಡು ನಿಂತಿತ್ತು. ರಬ್ಬರ್ ದೋಣಿಯಲ್ಲಿ ಜೆಟ್ಟಿಗೆ ಇಳಿದೆವು.

ಕೊಲ್ಲಿಯ ಅಂಚಿನಲ್ಲಿ ಬಾಗಿದ ಬೀದಿ. 1860ರ ದಶಕದಲ್ಲಿ ಕಟ್ಟಿದ ಹದಿನಾರು ಮನೆಗಳು ಸಾಲಾಗಿವೆ. ಹೆಚ್ಚಿನವಕ್ಕೆ ಸೂರಿಲ್ಲ. ಗುಡ್ಡದ ತುಂಬ ಕ್ಲೇಟ್‌ಗಳು: ಗಾಳಿಯಾಡುವಂತೆ ಕಲ್ಲು ಪೇರಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿದ ಉಗ್ರಾಣಗಳು. ಹಿರ್ತಾ ಒಂದರಲ್ಲೇ ಅವು 1,200ಕ್ಕೂ ಹೆಚ್ಚಿವೆ. ಇಲ್ಲಿಯವರು ಮೀನಿಗಿಂತ ಹಕ್ಕಿಯನ್ನು ನಂಬಿ ಬದುಕಿದವರು. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಗಿಳಿದು ಫುಲ್ಮಾರ್, ಗ್ಯಾನೆಟ್, ಪಫಿನ್ ಹಕ್ಕಿಗಳನ್ನು ಹಿಡಿಯುತ್ತಿದ್ದರು. ಗೇಣಿಯನ್ನೂ ಗರಿ, ಎಣ್ಣೆಯ ರೂಪದಲ್ಲಿ ಕೊಡುತ್ತಿದ್ದರು. ಮಾಂಸವನ್ನು ಒಣಗಿಸಿಡುತ್ತಿದ್ದುದು ಈ ಕ್ಲೇಟ್‌ಗಳಲ್ಲಿ. ಹೊರಗಿನವರಿಗೆ ಸುದ್ದಿ ಮುಟ್ಟಿಸಬೇಕಾದರೆ ಮರದ ತುಂಡಿನಲ್ಲಿ ಪತ್ರ ಹುದುಗಿಸಿ, ಕುರಿಯ ಮೂತ್ರಕೋಶವನ್ನು ಊದಿ ಕಟ್ಟಿ, ಅಲೆಗೆ ಬಿಡುತ್ತಿದ್ದರು.

ಯುವಕರು ಒಬ್ಬೊಬ್ಬರಾಗಿ ವಲಸೆ ಹೋದ ಮೇಲೆ ದೋಣಿ ನಡೆಸಲು, ಬಂಡೆಗಿಳಿಯಲು ಕೈಗಳು ಸಾಲದಾದವು. 1930ರ ಮೇ 10ರಂದು ದ್ವೀಪದವರು ತಮ್ಮನ್ನು ಕರೆದೊಯ್ಯಿರಿ ಎಂದು ತಾವೇ ಸರ್ಕಾರಕ್ಕೆ ಮನವಿ ಬರೆದರು. ಆಗಸ್ಟ್ 29ರ ಬೆಳಿಗ್ಗೆ ಉಳಿದಿದ್ದ 36 ಮಂದಿ ಹೇರ್‌ಬೆಲ್ ಎಂಬ ನೌಕೆ ಹತ್ತಿದರು. ಹೊರಡುವ ಮುನ್ನ ಪ್ರತಿ ಮನೆಯಲ್ಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಧಾನ್ಯ ಇಟ್ಟರು. ಆ ನೌಕೆ ಅವರಲ್ಲಿ ಬಹುಪಾಲು ಜನರನ್ನು ಇಳಿಸಿದ್ದು ಲಾಖಾಲಿನ್‌ನಲ್ಲಿ. ಗಂಡಸರಿಗೆ ಕೊಟ್ಟದ್ದು ಅರಣ್ಯ ಇಲಾಖೆಯ ಕೆಲಸ. ಅವರು ಹುಟ್ಟಿ ಬೆಳೆದ ದ್ವೀಪದಲ್ಲಿ ಒಂದು ಮರವೂ ಇರಲಿಲ್ಲ.

ರೇಂಜರ್ ಇದನ್ನು ಹೇಳಿದಾಗ ನಾನು ಬೀದಿಯ ಗೋಡೆಯ ಮೇಲೆ ಕುಳಿತು ಕ್ಯಾಮೆರಾದಲ್ಲಿ ಮಂಗಳವಾರದ ದೃಶ್ಯವನ್ನು ಹುಡುಕಿದೆ. ಗುಡ್ಡ, ಕಾಡು, ಬಿಸಿಲು, ಲಾಖಾಲಿನ್. ಅರ್ಧ ನಿಮಿಷವಿತ್ತು. ಅದನ್ನು ಅಲ್ಲೇ ಮತ್ತೆ ಮತ್ತೆ ನೋಡಿದೆ.

ಇಲ್ಲಿ ಹುಟ್ಟಿದವರಲ್ಲಿ ಕೊನೆಯವರಾದ ರೇಚಲ್ ಜಾನ್ಸನ್ 2016ರಲ್ಲಿ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ದ್ವೀಪ ಬಿಟ್ಟಾಗ ಅವರಿಗೆ ಎಂಟು ವರ್ಷ. ಊರಿನ ಹೆಸರು ಕೇಳಲು ಇನ್ನು ಇಲ್ಲಿ ಯಾರೂ ಇಲ್ಲ. ಈಗ ಇರುವ ಸೇನಾ ರಾಡಾರ್ ನೆಲೆಯ ಸಿಬ್ಬಂದಿ, ಸಂಶೋಧಕರು, ರೇಂಜರ್‌ಗಳು ಎಲ್ಲರೂ ಬಂದು ಹೋಗುವವರು. ಸೇಂಟ್ ಕಿಲ್ಡಾ ಎಂಬ ಹೆಸರನ್ನಂತೂ ಇಲ್ಲಿಯವರು ಇಟ್ಟುಕೊಂಡದ್ದಲ್ಲ. ಕಿಲ್ಡಾ ಎಂಬ ಸಂತ ಎಲ್ಲಿಯೂ ಇರಲಿಲ್ಲ. ಹಳೆಯ ನಕ್ಷೆಗಾರರ ಯಾವುದೋ ತಪ್ಪು ಓದಿನಿಂದ ಹುಟ್ಟಿಕೊಂಡ ಸಂತ ಅವನು.

ಬೀದಿಯ ನಡುವೆ ಕ್ಯಾಮೆರಾ ನಿಲ್ಲಿಸಿದೆ. ಒಂದು ನಿಮಿಷ. ಗಾಳಿ. ದೂರದಲ್ಲಿ ನೆಲೆಯ ಜನರೇಟರ್‌ನ ಗುಂಯ್ಗುಡುವಿಕೆ. ಕ್ಲೇಟ್ ಒಂದರ ಮೇಲೆ ಈ ದ್ವೀಪಗಳಲ್ಲಿ ಮಾತ್ರ ಇರುವ ಕಿಲ್ಡಾ ರೆನ್ ಹಕ್ಕಿ, ಅಂಗೈಯಲ್ಲಿ ಹಿಡಿಸುವಷ್ಟು ದೇಹದಿಂದ ಬೀದಿ ತುಂಬುವಷ್ಟು ದನಿ ತೆಗೆದು ಹಾಡಿತು.

ಮರಳುವಾಗ ಹ್ಯಾರಿಸ್‌ನಲ್ಲೇ ಹುಟ್ಟಿ ಬೆಳೆದ ದೋಣಿಯ ನಾಯಕರ ಮುಂದೆ ಮೈಕು ಹಿಡಿದೆ. ಅವರು ಎಂಜಿನ್ನಿನ ವೇಗ ತಗ್ಗಿಸಿ ಹಿಂದಿರುಗಿ ದ್ವೀಪದ ಕಡೆ ನೋಡಿದರು.

"ಹಿರ್ಶ್ಟ್," ಎಂದರು. ಸ್ವಲ್ಪ ತಡೆದು ಸೇರಿಸಿದರು: "ಇದು ನಾವು ಹ್ಯಾರಿಸ್‌ನವರು ಹೇಳುವ ಬಗೆ. ಅಲ್ಲಿಯವರ ಬಾಯಲ್ಲಿ ಅದು ಹೇಗಿತ್ತೋ, ಕೇಳಿಸಿಕೊಂಡಿದ್ದ ನನ್ನ ಅಜ್ಜ ಈಗಿಲ್ಲ."

ಆ ದನಿಯನ್ನು ಬೀದಿಯ ದೃಶ್ಯಕ್ಕೆ ಜೋಡಿಸಲಿಲ್ಲ. ದೋಣಿ ಮತ್ತೆ ವೇಗ ಹಿಡಿದಾಗ ಅದನ್ನು ಬೇರೆಯಾಗಿಯೇ ಉಳಿಸಿ, ಮೊಬೈಲಿನ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ, ಕಡತಕ್ಕೆ "ಹಿರ್ಶ್ಟ್, ಹ್ಯಾರಿಸ್‌ನವರು ಹೇಳಿದಂತೆ" ಎಂದು ಹೆಸರಿಟ್ಟೆ.